ನಾಲ್ಕಕ್ಷರದೊಳಗಿನ ರಣರಂಗ: ಚೀನೀ ಭಾಷೆಯ ಯುದ್ಧದ ನುಡಿಗಟ್ಟುಗಳು

ಮಧ್ಯೆ ಮಧ್ಯೆ ಎದ್ದು ಹೋಗದೆ ಒಂದೇ ಪಟ್ಟಿಗೆ ಕೂತು ಹೋಮ್‌ವರ್ಕ್ ಮುಗಿಸು ಎಂದು ಮಗನಿಗೆ ಹೇಳುವ ಚೀನೀ ತಾಯಿಯ ಬಾಯಲ್ಲಿ ಸಲೀಸಾಗಿ ಬರುವ ಮಾತು "ಯಿ ಗು ತ್ಸುವೊ ಚಿ". ಮೊದಲ ನಗಾರಿಗೇ ಹುರುಪೇಳುವುದು ಎಂಬುದು ಅದರ ಅಕ್ಷರಾರ್ಥ. ಆ ನಗಾರಿ ಮೊಳಗಿದ್ದು ಕ್ರಿ.ಪೂ. 684ರಲ್ಲಿ, ಚಾಂಗ್‌ಶಾವೊ ಎಂಬಲ್ಲಿ, ಲು ಮತ್ತು ಚಿ ಎಂಬ ಎರಡು ರಾಜ್ಯಗಳ ಸೇನೆಗಳು ಎದುರುಬದುರಾದಾಗ. ಲು ರಾಜ್ಯದ ದೊರೆ ತನ್ನ ಕಡೆಯ ನಗಾರಿ ಬಾರಿಸಲು ಅವಸರಪಟ್ಟರೆ, ಅವನ ರಥದಲ್ಲೇ ಇದ್ದ ತ್ಸಾವೊ ಗುಯಿ ಎಂಬ ಸಾಮಾನ್ಯ ಮನುಷ್ಯ "ಈಗ ಬೇಡ" ಎಂದು ತಡೆದ. ಶತ್ರುಪಕ್ಷ ಮೂರು ಸಲ ನಗಾರಿ ಬಾರಿಸಿ, ಮೂರು ಸಲವೂ ಎದುರಿನಿಂದ ಉತ್ತರ ಬಾರದೆ ಸಪ್ಪಗಾದ ಮೇಲೆ "ಈಗ" ಎಂದ. ಚಿ ಸೇನೆ ಕಾಲ್ಕಿತ್ತಿತು. ದೊರೆ ಆಗಲೇ ಬೆನ್ನಟ್ಟಲು ಹೊರಟಾಗ ತ್ಸಾವೊ ಗುಯಿ ಮತ್ತೆ ತಡೆದು, ಕೆಳಗಿಳಿದು ಶತ್ರುಗಳ ರಥಚಕ್ರದ ಗುರುತುಗಳನ್ನು ನೋಡಿದ, ರಥದ ಅಡ್ಡಪಟ್ಟಿಯ ಮೇಲೆ ಹತ್ತಿ ಅವರ ಬಾವುಟಗಳನ್ನು ನೋಡಿದ, ಆಮೇಲೆ ಸರಿ ಎಂದ. ಗೆದ್ದ ನಂತರ ದೊರೆ ಕಾರಣ ಕೇಳಿದ್ದಕ್ಕೆ ಅವನು ಕೊಟ್ಟ ವಿವರಣೆ ಇಷ್ಟು: ಮೊದಲ ನಗಾರಿಗೆ ಧೈರ್ಯ ಏಳುತ್ತದೆ, ಎರಡನೆಯದಕ್ಕೆ ಇಳಿಯುತ್ತದೆ, ಮೂರನೆಯದಕ್ಕೆ ಬತ್ತಿಹೋಗುತ್ತದೆ, ಚಕ್ರದ ಗುರುತುಗಳು ಚೆಲ್ಲಾಪಿಲ್ಲಿಯಾಗಿದ್ದವು, ಬಾವುಟಗಳು ಬಾಗಿದ್ದವು, ಆದ್ದರಿಂದ ಅವರ ಓಟ ನಟನೆಯಲ್ಲ ಎಂದು ತಿಳಿಯಿತು.

ಆ ಕದನದಲ್ಲಿ ಯಾರು ಯಾರನ್ನು ಕೊಂದರು ಎಂಬುದು ಭಾಷೆಗೆ ಬೇಕಾಗಲಿಲ್ಲ. ಉಳಿದುಕೊಂಡದ್ದು ನಗಾರಿ ಮತ್ತು ಹುರುಪಿನ ಲೆಕ್ಕಾಚಾರ. ಚೀನೀ ಭಾಷೆಯ ಯುದ್ಧದ ನುಡಿಗಟ್ಟುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಹೆಚ್ಚುಕಡಿಮೆ ಎಲ್ಲೆಡೆ ಕಾಣುವುದು ಇದೇ. ಕತ್ತಿಯ ಏಟಿನ ಬಗ್ಗೆ ಹೇಳುವ ಮಾತುಗಳು ಕಡಿಮೆ. ಏಟಿಗೆ ಮುಂಚಿನ ಕಾಯುವಿಕೆ, ಏಟಿನ ನಂತರದ ದಿಗಿಲು, ಎದುರಾಳಿಯ ಮನಸ್ಸಿನೊಳಗೆ ಹೊಕ್ಕು ಮಾಡುವ ಮೋಸ, ಹಿಂದೆ ಸರಿಯುವ ಜಾಣತನ ಇವುಗಳ ಬಗ್ಗೆ ಹೇಳುವವೇ ಹೆಚ್ಚು. ಪರೀಕ್ಷೆ, ವ್ಯಾಪಾರ, ಸಂಸಾರ, ಸಾಲಗಳಿಗೆ ಅವು ಇಷ್ಟು ಸುಲಭವಾಗಿ ಹೊಂದಿಕೊಂಡಿರುವುದಕ್ಕೆ ನನಗೆ ತೋರುವ ಕಾರಣವೂ ಇದೇ.

ಇಂಥ ಮಾತುಗಳಿಗೆ ಚೀನೀಯರು "ಚೆಂಗ್‌ಯು" ಎನ್ನುತ್ತಾರೆ, ಅಂದರೆ ಈಗಾಗಲೇ ರೂಪುಗೊಂಡು ಸಿದ್ಧವಾಗಿರುವ ಮಾತು. ಚೀನೀ ಲಿಪಿಯ ಒಂದು ಅಕ್ಷರವೆಂದರೆ ಬಹುಮಟ್ಟಿಗೆ ಒಂದು ಉಚ್ಚಾರ, ಒಂದು ಅರ್ಥ. ಹಾಗಾಗಿ ನಾಲ್ಕು ಅಕ್ಷರಗಳಲ್ಲಿ ಒಂದು ಇಡೀ ಘಟನೆಯನ್ನು ಅಡಕ ಮಾಡಬಹುದು. ಅವುಗಳ ವ್ಯಾಕರಣ ಇಂದಿನ ಆಡುಮಾತಿನದಲ್ಲ, ಪ್ರಾಚೀನ ಗ್ರಂಥಭಾಷೆಯದು. ಆದ್ದರಿಂದ ನಾಲ್ಕೂ ಅಕ್ಷರಗಳನ್ನು ಬಲ್ಲವನಿಗೂ ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ಒಟ್ಟು ಅರ್ಥ ಕೈಗೆ ಸಿಗದಿರಬಹುದು. ಯುದ್ಧದ ಕಥೆಗಳಿಗೆ ಇದರಲ್ಲಿ ದೊಡ್ಡ ಪಾಲು ಸಿಕ್ಕಿದ್ದಕ್ಕೆ ಚರಿತ್ರೆಯೇ ಕಾರಣ. ಕ್ರಿ.ಪೂ. 8ನೇ ಶತಮಾನದಿಂದ, ಚಿನ್ ರಾಜ್ಯವು ಉಳಿದೆಲ್ಲವನ್ನೂ ನುಂಗಿ ಸಾಮ್ರಾಜ್ಯವಾದ ಕ್ರಿ.ಪೂ. 221ರವರೆಗೆ, ಹತ್ತಾರು ರಾಜ್ಯಗಳು ಒಂದರ ಮೇಲೊಂದು ಬಿದ್ದು ಕಾದಾಡಿದವು. ಆ ಕಾಲವನ್ನೂ ಅದರ ಬೆನ್ನಿಗೇ ಬಂದ ದಂಗೆಗಳ ಕಾಲವನ್ನೂ "ತ್ಸುವೊ ಜುವಾನ್" ಎಂಬ ಪ್ರಾಚೀನ ಇತಿಹಾಸ ಗ್ರಂಥ ಮತ್ತು ಸುಮಾರು ಕ್ರಿ.ಪೂ. 91ರ ಹೊತ್ತಿಗೆ ಸಿಮಾ ಚಿಯೆನ್ ಬರೆದು ಮುಗಿಸಿದ "ಶಿಜಿ" ಕಥನದ ಸೊಗಸಿನಿಂದ ದಾಖಲಿಸಿದವು. ಮುಂದಿನ ಎರಡು ಸಾವಿರ ವರ್ಷ ಅಕ್ಷರ ಕಲಿತವರೆಲ್ಲ ಈ ಪುಸ್ತಕಗಳನ್ನು ಓದಿದರು. ಪ್ರಸಂಗಗಳು ಸವೆದು ಸವೆದು ನಾಲ್ಕಕ್ಷರಕ್ಕೆ ಇಳಿದವು.

ಈ ಸಂಪತ್ತಿಗೆ ಅತಿ ಹೆಚ್ಚು ಕೊಟ್ಟವರಲ್ಲಿ ಸೋತು ಸತ್ತ ಶಿಯಾಂಗ್ ಯೂ ಒಬ್ಬ. ಕ್ರಿ.ಪೂ. 207ರಲ್ಲಿ ಜುಲು ಎಂಬ ಕೋಟೆಯೂರನ್ನು ಚಿನ್ ಸೇನೆ ಮುತ್ತಿದ್ದಾಗ, ಅದನ್ನು ಬಿಡಿಸಲು ಹೊರಟ ಚು ನಾಡಿನ ಈ ತರುಣ ಸೇನಾಪತಿ ತನ್ನ ದಂಡನ್ನು ಜಾಂಗ್ ನದಿ ದಾಟಿಸಿದ. ದಾಟಿದ ಕೂಡಲೇ ದೋಣಿಗಳನ್ನೆಲ್ಲ ಮುಳುಗಿಸಿದ, ಅಡುಗೆಯ ಪಾತ್ರೆಗಳನ್ನು ಒಡೆಸಿದ, ಬಿಡಾರಗಳಿಗೆ ಬೆಂಕಿ ಇಡಿಸಿ, ಮೂರು ದಿನದ ಬುತ್ತಿಯನ್ನಷ್ಟೇ ಕೈಗೆ ಕೊಟ್ಟ. ಗೆದ್ದರೆ ಶತ್ರುವಿನ ಪಾತ್ರೆಯಲ್ಲಿ ಊಟ, ಸೋತರೆ ಊಟದ ಅಗತ್ಯವೇ ಇಲ್ಲ. "ಪೊ ಫು ಚೆನ್ ಜೋ", ಮಡಕೆ ಒಡೆದು ದೋಣಿ ಮುಳುಗಿಸುವುದು, ಹುಟ್ಟಿದ್ದು ಇಲ್ಲಿಂದ. ಅದೇ ಪ್ರಸಂಗದ ಕೆಲವೇ ಸಾಲುಗಳಲ್ಲಿ ಇನ್ನೂ ಎರಡು ನುಡಿಗಟ್ಟುಗಳಿವೆ: ಒಬ್ಬೊಬ್ಬನು ಹತ್ತು ಮಂದಿಗೆ ಸಮನಾಗಿ ಕಾದಿದ್ದರಿಂದ "ಯಿ ಯಿ ದಾಂಗ್ ಶಿ", ಸಹಾಯಕ್ಕೆಂದು ಬಂದಿದ್ದ ಉಳಿದ ರಾಜ್ಯಗಳ ಸೇನಾಪತಿಗಳು ಬೀಡಿನ ಗೋಡೆಯ ಮೇಲೆ ನಿಂತು ಸುಮ್ಮನೆ ನೋಡಿದ್ದರಿಂದ "ತ್ಸುವೊ ಬಿ ಶಾಂಗ್ ಗುವಾನ್". ಕಚೇರಿಯಲ್ಲಿ ಇಬ್ಬರು ಜಗಳಕ್ಕೆ ಬಿದ್ದಾಗ ಯಾರ ಪರವೂ ವಹಿಸದೆ ದೂರ ನಿಂತವನನ್ನು ಇಂದಿಗೂ ಗೋಡೆಯ ಮೇಲಿಂದ ನೋಡುತ್ತಿದ್ದಾನೆ ಎಂದೇ ಹೇಳುತ್ತಾರೆ.

ಇದೇ ಧಾಟಿಯ ಇನ್ನೊಂದು ಮಾತು "ಬೈ ಶುಯಿ ಯಿ ಜಾನ್", ನೀರಿಗೆ ಬೆನ್ನು ಕೊಟ್ಟು ಕಾದುವುದು. ಎರಡನ್ನೂ ಒಂದೇ ಎಂದು ಕಲಿಸುವವರಿದ್ದಾರೆ. ಕಥೆಗಳು ಮಾತ್ರ ಬೇರೆ. ಕ್ರಿ.ಪೂ. 204ರಲ್ಲಿ ಜಿಂಗ್‌ಶಿಂಗ್ ಕಣಿವೆಯ ಬಾಯಲ್ಲಿ ಝಾವೊ ರಾಜ್ಯದ ಭಾರಿ ಸೇನೆಗೆ ಎದುರಾದ ಹಾನ್ ಶಿನ್, ಶಿಯಾಂಗ್ ಯೂನ ಎದುರಾಳಿ ಲಿಯೂ ಬಾಂಗನ ಸೇನಾಪತಿ, ತನ್ನ ಹತ್ತು ಸಾವಿರ ಸೈನಿಕರನ್ನು ನದಿಗೆ ಬೆನ್ನಾಗಿ ನಿಲ್ಲಿಸಿದಾಗ ಶತ್ರುಗಳು ನಕ್ಕರು, ಏಕೆಂದರೆ ಯುದ್ಧಶಾಸ್ತ್ರ ಬಲ್ಲ ಯಾವನೂ ಹಾಗೆ ನಿಲ್ಲಿಸುವುದಿಲ್ಲ. ಅವರು ಕಾಣದ ಸಂಗತಿ ಬೇರೆ ಇತ್ತು. ಒಬ್ಬೊಬ್ಬನ ಕೈಗೂ ಒಂದೊಂದು ಕೆಂಪು ಬಾವುಟ ಕೊಟ್ಟು ಎರಡು ಸಾವಿರ ಕುದುರೆ ಸವಾರರನ್ನು ಅವನು ರಾತ್ರಿಯೇ ಬೆಟ್ಟದ ಹಿಂದೆ ಅಡಗಿಸಿದ್ದ. ಓಡಲು ದಾರಿಯಿಲ್ಲದ ಸೈನಿಕರು ನದಿಯಂಚಿನಲ್ಲಿ ಹಠ ಹಿಡಿದು ಕಾದುತ್ತಿದ್ದಾಗ, ಝಾವೊ ಸೇನೆ ತನ್ನ ಬೀಡನ್ನು ಬರಿದು ಮಾಡಿ ಮುನ್ನುಗ್ಗಿತು; ಸವಾರರು ಒಳನುಗ್ಗಿ ಬಾವುಟಗಳನ್ನು ಬದಲಿಸಿಬಿಟ್ಟರು. ಹಿಂತಿರುಗಿ ನೋಡಿದ ಝಾವೊ ಸೈನಿಕರಿಗೆ ತಮ್ಮ ಬೀಡಿನ ಮೇಲೆಲ್ಲ ಕೆಂಪು ಬಾವುಟ ಕಂಡು ಎದೆ ಒಡೆಯಿತು. ಗೆದ್ದ ಮೇಲೆ ತನ್ನ ಅಧಿಕಾರಿಗಳಿಗೆ ಹಾನ್ ಶಿನ್ ಹೇಳಿದ್ದು ಸ್ವಾರಸ್ಯವಾಗಿದೆ: ತನ್ನ ದಂಡು ಪಳಗಿದ ದಂಡಲ್ಲ, ಸಂತೆಯ ಜನರನ್ನು ಅಟ್ಟಿ ತಂದಂತಿರುವ ಗುಂಪು; ಓಡಲು ಜಾಗ ಕೊಟ್ಟಿದ್ದರೆ ಅವರೆಲ್ಲ ಓಡುತ್ತಿದ್ದರು. ಈ ವ್ಯತ್ಯಾಸ ಇಂದಿನ ಬಳಕೆಯಲ್ಲೂ ಸ್ವಲ್ಪ ಉಳಿದಿದೆ. ತಾನಾಗಿಯೇ ಗಟ್ಟಿ ಮನಸ್ಸು ಮಾಡಿ ಕೆಲಸ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿದವನು ಮಡಕೆ ಒಡೆದವನು. ಸೋತರೆ ಪಂದ್ಯಾವಳಿಯಿಂದಲೇ ಹೊರಬೀಳುವ ಸ್ಥಿತಿಗೆ ಬಂದ ಫುಟ್‌ಬಾಲ್ ತಂಡ ನೀರಿಗೆ ಬೆನ್ನು ಕೊಟ್ಟದ್ದು. ಚೀನಾದ ಕ್ರೀಡಾ ವರದಿಗಾರರಿಗೆ ಈ ಎರಡನೆಯ ಮಾತು ಬಲು ಅಚ್ಚುಮೆಚ್ಚು.

ಜುಲುವಿನ ವೀರ ಶಿಯಾಂಗ್ ಯೂಗೆ ಕೊನೆಗಾಲ ಬಂದದ್ದು ಕ್ರಿ.ಪೂ. 202ರಲ್ಲಿ, ಗೈಶಿಯಾ ಎಂಬಲ್ಲಿ. ಲಿಯೂ ಬಾಂಗನ ಹಾನ್ ಪಡೆಗಳು ಅವನನ್ನು ಸುತ್ತುಗಟ್ಟಿದ್ದ ರಾತ್ರಿ ನಾಲ್ಕೂ ದಿಕ್ಕಿನಿಂದ ಚು ನಾಡಿನ ಹಾಡುಗಳು, ಅಂದರೆ ಅವನದೇ ಊರಿನ ಹಾಡುಗಳು, ಕೇಳಿಬಂದವು. ತನ್ನ ನಾಡನ್ನೆಲ್ಲ ಶತ್ರುಗಳು ಹಿಡಿದಾಯಿತೇ, ಅವರ ಕಡೆ ಇಷ್ಟೊಂದು ಚು ಜನ ಹೇಗೆ ಬಂದರು ಎಂದು ಅವನು ಬೆಚ್ಚಿದ. ಬಾಣ ಬಿಡುವ ಮೊದಲೇ ಹಾಡು ಅವನನ್ನು ಸೋಲಿಸಿತು. "ಸಿ ಮಿಯೆನ್ ಚು ಗೆ", ನಾಲ್ಕು ಕಡೆ ಚು ಹಾಡು, ಎಂದರೆ ಇವತ್ತು ಸಾಲಗಾರರ ನಡುವೆ ಸಿಕ್ಕ ಕಂಪನಿ, ಎಲ್ಲರ ಟೀಕೆಗೂ ಗುರಿಯಾಗಿ ಒಂಟಿಯಾದ ರಾಜಕಾರಣಿ. ಅಕ್ಷರಗಳನ್ನಷ್ಟೇ ಓದಿದ ವಿದೇಶಿ ವಿದ್ಯಾರ್ಥಿ ಇದನ್ನು ಸಂಗೀತ ಸಭೆ ಎಂದು ಭಾವಿಸಿದರೆ ತಪ್ಪು ಅವನದಲ್ಲ.

ಈ ಇಬ್ಬರ ಜಗಳ ಚದುರಂಗದ ಹಲಗೆಯ ಮೇಲೂ ಗೆರೆ ಎಳೆದಿದೆ. ಚೀನೀ ಚದುರಂಗವಾದ ಶಿಯಾಂಗ್‌ಚಿಯ ಹಲಗೆಯ ನಡುವೆ ಒಂದು ಖಾಲಿ ಪಟ್ಟೆ ಇರುತ್ತದೆ. ಅದರ ಮೇಲೆ "ಚು ನದಿ, ಹಾನ್ ಗಡಿ" ಎಂದು ಬರೆದಿರುತ್ತಾರೆ. ಕ್ರಿ.ಪೂ. 203ರಲ್ಲಿ ಶಿಯಾಂಗ್ ಯೂ ಮತ್ತು ಲಿಯೂ ಬಾಂಗ್ ಹೊಂಗ್‌ಗೌ ಎಂಬ ಕಾಲುವೆಯನ್ನು ಗಡಿಯಾಗಿ ಒಪ್ಪಿಕೊಂಡಿದ್ದರು, ಆ ಒಪ್ಪಂದ ಬಹಳ ದಿನ ಬಾಳಲಿಲ್ಲ. ಆ ಕಾಲುವೆಯ ಹೆಸರೇ ಇಂದಿನ ಚೀನೀ ಭಾಷೆಯಲ್ಲಿ ದಾಟಲಾಗದ ಕಂದಕಕ್ಕೆ, ಶ್ರೀಮಂತರಿಗೂ ಬಡವರಿಗೂ ನಡುವಿನ ಅಂತರಕ್ಕೆ ಬಳಕೆಯಾಗುವ ಮಾಮೂಲಿ ಪದ. ಚದುರಂಗದಿಂದ ಬಂದ ಇನ್ನೊಂದು ಮಾತು "ಮಾ ಹೌ ಪಾವ್", ಕುದುರೆಯ ಹಿಂದಿನ ಫಿರಂಗಿ. ಆಟದಲ್ಲಿ ಅದೊಂದು ಒಳ್ಳೆಯ ನಡೆ, ಆದರೆ ಮಾತಿನಲ್ಲಿ ಎಲ್ಲ ಮುಗಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎನ್ನುವವನಿಗೆ ಅಂಟಿಸುವ ಹೆಸರು.

ಸೋತವರ ಸಾಲಿನಲ್ಲಿ ಝಾವೊ ಕುವೊ ಎಂಬವನ ಕಥೆ ಕನ್ನಡದ ಓದುಗರಿಗೆ ಬೇಗ ಹತ್ತಿರವಾಗುತ್ತದೆ. ಒಲೆಯ ಮುಂದೆ ಪೌರುಷ ತೋರುವ ಉತ್ತರಕುಮಾರನನ್ನು ನಾವು ಬಲ್ಲೆವು. ಝಾವೊ ಕುವೊನ ಪೌರುಷ ಪುಸ್ತಕದ ಮುಂದೆ. ಹೆಸರಾಂತ ಸೇನಾಪತಿಯ ಮಗನಾದ ಅವನು ಯುದ್ಧಶಾಸ್ತ್ರವನ್ನು ಅರೆದು ಕುಡಿದಿದ್ದ, ವಾದಕ್ಕೆ ಕೂತರೆ ತಂದೆಯೂ ಅವನನ್ನು ಸೋಲಿಸಲಾರ. ಆದರೂ ತಂದೆ ಮಗನನ್ನು ಮೆಚ್ಚಲಿಲ್ಲ. ಸಾವಿನ ವಿಷಯವನ್ನು ಇವನು ಇಷ್ಟು ಹಗುರವಾಗಿ ಮಾತಾಡುತ್ತಾನಲ್ಲ ಎಂದು ಹೆಂಡತಿಯ ಬಳಿ ಹೇಳಿದ್ದ. ಮುಂದೆ ಝಾವೊ ದೊರೆ ಅನುಭವಿಯಾದ ಲಿಯೆನ್ ಪೊನನ್ನು ಬದಲಿಸಿ ಈ ತರುಣನನ್ನು ನೇಮಿಸಿದಾಗ, ಸ್ವತಃ ತಾಯಿಯೇ ದೊರೆಗೆ ಬಿನ್ನವಿಸಿ ಬೇಡವೆಂದಳು. ದೊರೆ ಕೇಳದಿದ್ದಾಗ, ಮಗ ಸೋತರೆ ಮನೆಯವರನ್ನು ಶಿಕ್ಷಿಸಬಾರದೆಂಬ ಮಾತು ಪಡೆದುಕೊಂಡಳು. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್‌ನಲ್ಲಿ ಚಿನ್ ಸೇನಾಪತಿ ಬೈ ಚಿ ಅವನ ದಂಡನ್ನು ಸುತ್ತುಗಟ್ಟಿದ. ನಲವತ್ತಾರು ದಿನ ಸೈನಿಕರಿಗೆ ಅನ್ನವಿಲ್ಲ. ಝಾವೊ ಕುವೊ ಬಾಣಕ್ಕೆ ಬಲಿಯಾದ. ಶರಣಾದವರನ್ನು ಕೊಂದು ಹೂಳಲಾಯಿತು. ಸತ್ತವರು ನಾಲ್ಕು ಲಕ್ಷಕ್ಕೂ ಹೆಚ್ಚು ಎನ್ನುತ್ತದೆ "ಶಿಜಿ". ಅಂಕಿಯ ಬಗ್ಗೆ ಇತಿಹಾಸಕಾರರಲ್ಲಿ ಅನುಮಾನಗಳಿವೆ. ಇಷ್ಟು ದೊಡ್ಡ ದುರಂತದಿಂದ ಭಾಷೆ ಎತ್ತಿಕೊಂಡದ್ದು "ಜಿ ಶಾಂಗ್ ತಾನ್ ಬಿಂಗ್", ಕಾಗದದ ಮೇಲೆ ಯುದ್ಧದ ಮಾತು ಎಂಬ ಲೇವಡಿಯನ್ನು. ಕ್ರಿ.ಪೂ. 260ರಲ್ಲಿ ಪುಸ್ತಕವೆಂದರೆ ಬಿದಿರಿನ ಸೀಳುಗಳು, ಬರೆಯಲು ಕಾಗದ ಬಂದದ್ದು ಎಷ್ಟೋ ಕಾಲದ ನಂತರ. ಹಾಗಾಗಿ ಈ ನಾಲ್ಕಕ್ಷರ ಸಿಮಾ ಚಿಯೆನ್‌ನ ಬರಹದಲ್ಲಿಲ್ಲ. ಕಥೆ ಹಳೆಯದು, ಅದಕ್ಕೆ ಹಾಕಿದ ಚೀಟಿ ಹೊಸದು. ಚೆಂಗ್‌ಯುಗಳಲ್ಲಿ ಇಂಥವು ಬೇಕಾದಷ್ಟಿವೆ.

ದಿಗಿಲಿನ ಬಗ್ಗೆ ಚೀನೀ ಭಾಷೆಗೆ ಬೇಕಾದುದೆಲ್ಲವೂ ಒಂದೇ ಕದನದಿಂದ ಸಿಕ್ಕಿತು ಎನ್ನಬಹುದು. ಕ್ರಿ.ಶ. 383ರಲ್ಲಿ ಉತ್ತರದ ದೊರೆ ಫು ಜಿಯೆನ್ ದಕ್ಷಿಣದ ಜಿನ್ ರಾಜ್ಯದ ಮೇಲೆ ದಂಡೆತ್ತಿ ಹೋಗುವ ಮುನ್ನ, ನನ್ನ ಸೈನಿಕರು ತಮ್ಮ ಚಾವಟಿಗಳನ್ನು ಎಸೆದರೆ ನದಿಯೇ ಹರಿಯುವುದು ನಿಲ್ಲುತ್ತದೆ ಎಂದು ಜಂಬ ಕೊಚ್ಚಿದ. ಫೈ ನದಿಯ ಬಳಿ ಕೋಟೆಯ ಮೇಲಿಂದ ಎದುರಾಳಿಯ ಶಿಸ್ತಾದ ಸಾಲುಗಳನ್ನು ನೋಡಿದ ಮೇಲೆ, ಪಕ್ಕದ ಬಾಗೊಂಗ್ ಬೆಟ್ಟದ ಗಿಡಮರಗಳೂ ಅವನ ಕಣ್ಣಿಗೆ ಸೈನಿಕರಾಗಿ ಕಂಡವು: "ತ್ಸಾವೊ ಮು ಜಿಯೆ ಬಿಂಗ್", ಹುಲ್ಲು ಮರವೆಲ್ಲ ಸೈನಿಕರೇ. ನದಿ ದಾಟಿ ಬಂದು ಕಾದುತ್ತೇವೆ, ಸ್ವಲ್ಪ ಹಿಂದೆ ಸರಿಯಿರಿ ಎಂದು ಜಿನ್ ಕಡೆಯವರು ಕೇಳಿದರು. ದಾಟುವಾಗ ನಡುನೀರಿನಲ್ಲೇ ಬಡಿಯಬಹುದೆಂದು ಫು ಜಿಯೆನ್ ಒಪ್ಪಿದ. ಹಿಂದೆ ಸರಿಯಲು ಶುರುವಾದ ದಂಡು ನಿಲ್ಲಲೇ ಇಲ್ಲ. ಹಿಂಬದಿಯಿಂದ ಯಾರೋ "ಸೋತೆವು" ಎಂದು ಕೂಗಿದ್ದೇ ತಡ, ಸರಿಯುವುದು ಓಟವಾಯಿತು. ಓಡುವವರಿಗೆ ಗಾಳಿಯ ಸದ್ದು, ಕೊಕ್ಕರೆಗಳ ಕೂಗು ಎಲ್ಲವೂ ಬೆನ್ನಟ್ಟಿ ಬರುವ ಶತ್ರುಗಳಂತೆ ಕೇಳಿಸಿತು. ಷೇರುಪೇಟೆ ಒಂದು ಗಾಳಿಸುದ್ದಿಗೆ ಕುಸಿದ ದಿನ ಚೀನೀ ಪತ್ರಿಕೆ "ಫೆಂಗ್ ಶೆಂಗ್ ಹೆ ಲಿ", ಗಾಳಿಯ ಸದ್ದು ಕೊಕ್ಕರೆಯ ಕೂಗು, ಎಂದು ಬರೆದರೆ ಅದರ ಹಿಂದೆ ಈ ಓಟವಿದೆ.

ಹಿಂದೆ ಸರಿಯುವುದು ಎಲ್ಲ ಕಡೆಯೂ ಅವಮಾನವೇನಲ್ಲ. ಕ್ರಿ.ಪೂ. 632ರ ಚೆಂಗ್‌ಪು ಕದನದಲ್ಲಿ, ಜಿನ್ ಎಂಬ ಅದೇ ಹೆಸರಿನ ಬೇರೊಂದು ಹಳೆಯ ರಾಜ್ಯದ ದೊರೆ ವೆನ್, ತಾನು ನೆಲೆಯಿಲ್ಲದೆ ಅಲೆಯುತ್ತಿದ್ದಾಗ ಆಸರೆ ಕೊಟ್ಟಿದ್ದ ಚು ರಾಜನಿಗೆ ಕೊಟ್ಟ ಮಾತಿನಂತೆ, ಮೊದಲು ಮೂರು ದಿನದ ನಡಿಗೆಯಷ್ಟು ಹಿಂದೆ ಸರಿದು ನಂತರವೇ ಕಾದಿದ, ಗೆದ್ದ ಕೂಡ. ಅದೇ "ತುಯಿ ಬಿ ಸಾನ್ ಶೆ". ಈಗ ಎದುರು ನಿಲ್ಲದೆ ದಾರಿ ಬಿಟ್ಟುಕೊಡುವುದಕ್ಕೆಲ್ಲ ಸಲ್ಲುವ ಮಾತು. "ಮೂವತ್ತಾರು ತಂತ್ರಗಳಲ್ಲಿ ಓಡಿಹೋಗುವುದೇ ಮೇಲು" ಎಂಬುದಂತೂ ಮಕ್ಕಳ ಬಾಯಲ್ಲೂ ಓಡಾಡುತ್ತದೆ, ಬೇಸರದ ಔತಣದಿಂದ ಮೆಲ್ಲಗೆ ಜಾರಿಕೊಳ್ಳುವವರೂ ನಗುತ್ತ ಇದನ್ನೇ ಹೇಳುತ್ತಾರೆ. ಪ್ರಾಚೀನ ಯುದ್ಧಶಾಸ್ತ್ರಕಾರ ಸುನ್ ತ್ಸುವಿನ ಹೆಸರಿನಲ್ಲಿ ಎಲ್ಲೆಡೆ ಉದ್ಧರಿಸುವ ಮಾತಿನಲ್ಲೂ ಒಂದು ಸಣ್ಣ ಹೆಚ್ಚುಗಾರಿಕೆ ಸೇರಿಕೊಂಡಿದೆ. ತನ್ನನ್ನೂ ಎದುರಾಳಿಯನ್ನೂ ಅರಿತವನಿಗೆ "ನೂರು ಯುದ್ಧಗಳಲ್ಲಿ ನೂರು ಗೆಲುವು" ಎಂದು ಜನ ಹೇಳುತ್ತಾರೆ. ಮೂಲದಲ್ಲಿರುವುದು "ನೂರು ಯುದ್ಧಗಳಲ್ಲೂ ಅಪಾಯವಿಲ್ಲ" ಎಂದಷ್ಟೇ. ನೂರಕ್ಕೆ ನೂರು ಗೆಲ್ಲುವುದು ಅತ್ಯುತ್ತಮವಲ್ಲ, ಕಾದದೆಯೇ ಎದುರಾಳಿಯನ್ನು ಬಾಗಿಸುವುದು ಅತ್ಯುತ್ತಮ ಎಂದು ಅದೇ ಗ್ರಂಥ ಬೇರೆಡೆ ಹೇಳುತ್ತದೆ.

ನುಡಿಗಟ್ಟುಗಳನ್ನು ಬಿಟ್ಟು ಬಿಡಿ ಪದಗಳಿಗೆ, ಅಕ್ಷರಗಳಿಗೆ ಇಳಿದರೂ ಆಯುಧಗಳೇ ಎದುರಾಗುತ್ತವೆ. "ಗೆ" ಎಂಬುದು ಉದ್ದ ಹಿಡಿಯ ತುದಿಗೆ ಅಡ್ಡಲಾಗಿ ಅಲಗು ಕಟ್ಟಿದ ಪ್ರಾಚೀನ ಆಯುಧ. ಯುದ್ಧ ಎಂಬರ್ಥದ "ಜಾನ್", ದಂಡೆತ್ತು ಎಂಬರ್ಥದ "ಫಾ", ಎಚ್ಚರದಿಂದಿರು ಎಂಬರ್ಥದ "ಜಿಯೆ", ಹಳೆಯ ರೂಪದಲ್ಲಿ ದೇಶ ಎಂಬರ್ಥದ "ಗುವೊ" ಇವೆಲ್ಲದರ ಚಿತ್ರದೊಳಗೂ ಈ ಆಯುಧವಿದೆ. ತೆಗೆದುಕೊಳ್ಳುವುದು ಎಂಬರ್ಥದ "ಚ್ಯು" ಅಕ್ಷರದಲ್ಲಿ ಒಂದು ಕಿವಿ, ಒಂದು ಕೈ. ಕೊಂದ ಶತ್ರುವಿನ ಕಿವಿ ಕತ್ತರಿಸಿ ತರುವ ಪದ್ಧತಿಯ ಗುರುತು ಅದು. ಶೌರ್ಯ, ಸೈನಿಕ ಎಂಬರ್ಥದ "ವು" ಅಕ್ಷರದ ಬಗ್ಗೆ ಒಂದು ಪ್ರಸಿದ್ಧ ವ್ಯಾಖ್ಯಾನವಿದೆ. ಕ್ರಿ.ಪೂ. 597ರಲ್ಲಿ ಗೆದ್ದ ಚು ದೊರೆ ಜುವಾಂಗ್‌ಗೆ, ಶತ್ರುಗಳ ಹೆಣಗಳನ್ನು ಗುಡ್ಡೆ ಹಾಕಿ ಸ್ಮಾರಕ ಮಾಡೋಣ ಎಂದು ಯಾರೋ ಸೂಚಿಸಿದಾಗ, ಅವನು ಒಪ್ಪದೆ, "ನಿಲ್ಲಿಸು" ಮತ್ತು "ಆಯುಧ" ಎಂಬ ಎರಡು ಭಾಗ ಸೇರಿ "ವು" ಆಗಿದೆ, ಆಯುಧವನ್ನು ನಿಲ್ಲಿಸುವುದೇ ಶೌರ್ಯ ಎಂದನಂತೆ. ಇಂದಿನ ಲಿಪಿತಜ್ಞರು ಇದನ್ನು ಒಪ್ಪುವುದಿಲ್ಲ. "ನಿಲ್ಲಿಸು" ಎಂದು ಓದುವ ಭಾಗ ಮೂಲದಲ್ಲಿ ಪಾದದ ಚಿತ್ರ, ಆದ್ದರಿಂದ ಇಡೀ ಅಕ್ಷರ ಆಯುಧ ಹಿಡಿದು ನಡೆಯುವುದನ್ನು ಸೂಚಿಸುತ್ತದೆ. ದೊರೆಯ ಮಾತು ಉದಾತ್ತ, ತಜ್ಞರ ಮಾತು ನಿಜ. ಭಾಷಣಗಳಲ್ಲಿ ಬಾಳುತ್ತಿರುವುದು ಮೊದಲನೆಯದೇ.

ಸಂಸಾರದೊಳಗೆ ಹೀಗೆ ಹೊಕ್ಕ ಪದಗಳಲ್ಲಿ "ಮಾವೊದುನ್" ಮುಖ್ಯ. ಯಾವುದರಿಂದಲೂ ತಡೆಯಲಾಗದ ಈಟಿ, ಯಾವುದಕ್ಕೂ ತೂತಾಗದ ಗುರಾಣಿ ಎಂದು ಎರಡನ್ನೂ ಹೊಗಳಿ ಮಾರುತ್ತಿದ್ದ ಚು ನಾಡಿನ ವ್ಯಾಪಾರಿಗೆ, ನಿನ್ನ ಈಟಿಯಿಂದ ನಿನ್ನ ಗುರಾಣಿಗೆ ಚುಚ್ಚಿದರೆ ಏನಾಗುತ್ತದೆ ಎಂದು ಯಾರೋ ಕೇಳಿದ ಕಥೆ ಹಾನ್ ಫೈ ಎಂಬ ಚಿಂತಕನ ಗ್ರಂಥದಲ್ಲಿದೆ. ಈಟಿ ಗುರಾಣಿ ಎಂಬ ಆ ಜೋಡಿ ಈಗ ವಿರೋಧಾಭಾಸಕ್ಕೆ ನಿತ್ಯದ ಪದ. ಮಾವೊ 1937ರಲ್ಲಿ ಬರೆದ ತಾತ್ವಿಕ ಪ್ರಬಂಧದ ವಸ್ತುವೂ ಇದೇ, ಗಂಡ ಹೆಂಡಿರ ನಡುವಿನ ಮನಸ್ತಾಪವೂ ಇದೇ. ಹೊಟ್ಟೆ ಹಸಿದಾಗ ಹೇಳುವ ಮಾತು ಇನ್ನೂ ತಮಾಷೆಯದು. ಸೈನಿಕರಿಲ್ಲದ ಕೋಟೆಯ ಬಾಗಿಲು ತೆರೆದಿಟ್ಟು, ಮೇಲೆ ಕೂತು ನಿಶ್ಚಿಂತೆಯಿಂದ ತಂತಿವಾದ್ಯ ನುಡಿಸಿ ಶತ್ರುವನ್ನು ಬೆದರಿಸಿ ಹಿಂದಕ್ಕೆ ಕಳಿಸಿದ, ಜಾಣತನಕ್ಕೆ ಹೆಸರಾದ ಸೇನಾನಾಯಕ ಜುಗೆ ಲಿಯಾಂಗ್‌ನ ಪ್ರಸಂಗವನ್ನು ಇತಿಹಾಸಕ್ಕಿಂತ ಕಾದಂಬರಿ ಮತ್ತು ಪೀಕಿಂಗ್ ಆಪೆರಾ ಮನೆಮಾತಾಗಿಸಿದವು. ಅದರ ಹೆಸರು "ಖಾಲಿ ಕೋಟೆಯ ತಂತ್ರ". ಹಸಿದವನು "ನನ್ನ ಹೊಟ್ಟೆ ಖಾಲಿ ಕೋಟೆ ಹಾಡುತ್ತಿದೆ" ಎನ್ನುತ್ತಾನೆ.

ಇಪ್ಪತ್ತನೇ ಶತಮಾನದ ಯುದ್ಧಗಳು ತಂದದ್ದು ಬೇರೆಯೇ ಬಗೆಯ ಪದಗಳು. ಅವಕ್ಕೆ ಕಥೆಯಿಲ್ಲ, ಆಜ್ಞೆಯ ಧ್ವನಿಯಿದೆ. ಗೆರಿಲ್ಲಾ ಯುದ್ಧ, ದೀರ್ಘಕಾಲದ ಯುದ್ಧ, ಭದ್ರಕೋಟೆ ಮುರಿಯುವ ಯುದ್ಧ ಎಂಬಂಥ ಸೈನಿಕ ಪರಿಭಾಷೆ ಕಮ್ಯುನಿಸ್ಟ್ ಪಕ್ಷದ ಬರಹಗಳಿಂದ ಆಡಳಿತಕ್ಕೆ ಬಂತು. ವಾಯುಮಾಲಿನ್ಯದ ವಿರುದ್ಧ 2018ರಲ್ಲಿ ಸರ್ಕಾರ ಪ್ರಕಟಿಸಿದ ಮೂರು ವರ್ಷದ ಯೋಜನೆಯ ಹೆಸರಿನಲ್ಲಿಯೇ "ನೀಲಿ ಆಕಾಶದ ರಕ್ಷಣಾ ಯುದ್ಧ" ಇತ್ತು. ಬಡತನ ನಿವಾರಣೆಯೂ ಭದ್ರಕೋಟೆ ಮುರಿಯುವ ಯುದ್ಧವೇ ಆಗಿ, 2021ರಲ್ಲಿ ಗೆಲುವಿನ ಘೋಷಣೆಯೂ ಆಯಿತು. 2020ರ ಸಾಂಕ್ರಾಮಿಕದ ವೇಳೆ ಪತ್ರಿಕೆಗಳು ದಂಡಯಾತ್ರೆ ಎಂಬರ್ಥದ "ಜಾನ್‌ಯಿ" ಪದದ ಎರಡನೆಯ ಅಕ್ಷರವನ್ನು ಮಾತ್ರ ಬದಲಿಸಿ, ಉಚ್ಚಾರ ಹಾಗೆಯೇ ಉಳಿಸಿಕೊಂಡು, ಪಿಡುಗಿನೊಡನೆ ಯುದ್ಧ ಎಂಬ ಹೊಸ ಪದ ಮಾಡಿಕೊಂಡವು. ಸರ್ಕಾರಿ ಬರಹದಲ್ಲಿ ಈ ಧಾಟಿ ಬೇಗ ಜಡವಾಗುತ್ತದೆ ಎಂಬುದು ನನ್ನ ಅನಿಸಿಕೆ. ಪ್ರತಿ ಕೆಲಸವೂ ಯುದ್ಧವಾದರೆ ಯುದ್ಧ ಎಂಬ ಪದಕ್ಕೆ ತೂಕ ಉಳಿಯುವುದಿಲ್ಲ.

ಜೀವಂತಿಕೆ ಇರುವುದು ಪರೀಕ್ಷಾ ಕೇಂದ್ರದ ಗೇಟಿನ ಬಳಿ. ಪ್ರತಿ ವರ್ಷ ಜೂನ್ 7ರಂದು ಶುರುವಾಗುವ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ ನೂರು ದಿನ ಉಳಿದಾಗ ಶಾಲೆಗಳಲ್ಲಿ "ಶಿಶಿ" ನಡೆಯುತ್ತದೆ, ಅಂದರೆ ದಂಡು ಹೊರಡುವ ಮುನ್ನ ಸೈನಿಕರು ಮಾಡುತ್ತಿದ್ದ ಪ್ರತಿಜ್ಞೆ. ರಾಶಿಗಟ್ಟಲೆ ಮಾದರಿ ಪ್ರಶ್ನೆ ಬಿಡಿಸುವ ಅಭ್ಯಾಸಕ್ಕೆ "ಪ್ರಶ್ನೆಗಳ ಸಮುದ್ರದ ರಣತಂತ್ರ" ಎಂದು ಹೆಸರು. ಪರೀಕ್ಷೆಯ ದಿನ ಕೆಲವು ತಾಯಂದಿರು ಚಿಪಾವೊ ಎಂಬ ಸಾಂಪ್ರದಾಯಿಕ ಉಡುಪು ತೊಟ್ಟು ಗೇಟಿನಲ್ಲಿ ನಿಲ್ಲುತ್ತಾರೆ. "ಚಿ ಕೈ ದೆ ಶೆಂಗ್", ಬಾವುಟ ಬಿಚ್ಚಿದೊಡನೆ ಗೆಲುವು, ಎಂಬ ಹಾರೈಕೆಯ ಮೊದಲ ಅಕ್ಷರವೂ ಚಿಪಾವೊದ ಮೊದಲ ಅಕ್ಷರವೂ ಒಂದೇ, ಬಾವುಟ. ಉಡುಪಿಗೆ ಆ ಹೆಸರು ಬಂದದ್ದೂ ಹಿಂದೆ ಚೀನಾವನ್ನು ಆಳಿದ ಮಂಚು ಜನರ ಬಾವುಟವಾರು ಸೇನಾ ವಿಭಾಗಗಳಿಂದಲೇ.

ಅಂತರ್ಜಾಲದ ತರುಣರು ಯಾವ ಪ್ರಾಚೀನ ಗ್ರಂಥಕ್ಕೂ ಕಾಯಲಿಲ್ಲ. ಸಂಬಂಧವೇ ಇಲ್ಲದ ಜಗಳದಲ್ಲಿ ಏಟು ತಿಂದವನು "ತಾಂಗ್ ಚಿಯಾಂಗ್", ಮಲಗಿದ್ದಲ್ಲೇ ಗುಂಡೇಟು ತಿಂದವನು. ಒಂದು ಇಡೀ ಪ್ರಾಂತ್ಯದ ಜನರನ್ನು ಒಟ್ಟಾಗಿ ಬೈಯುವುದು "ನಕಾಶೆಯ ಫಿರಂಗಿ". ಹಣ ಪಡೆದು ಗುಂಪುಗುಂಪಾಗಿ ಹೊಗಳಿಕೆಯನ್ನೋ ಬೈಗುಳವನ್ನೋ ಬರೆಯುವವರು "ಶುಯಿಜುನ್". ಹಳೆಯ ಚೀನೀ ಭಾಷೆಯಲ್ಲಿ ಅದು ನೌಕಾಪಡೆಯ ಹೆಸರು. ಹುರುಳಿಲ್ಲದ ಮಾತು ತುಂಬುವುದಕ್ಕೆ ಅಂತರ್ಜಾಲದಲ್ಲಿ ನೀರು ಹೊಯ್ಯುವುದು ಎನ್ನುತ್ತಾರಾದ್ದರಿಂದ, ಹಾಗೆ ಹೊಯ್ಯುವವರ ದಂಡಿಗೆ ನೀರಿನ ಸೇನೆ ಎಂಬ ಹೆಸರು ತಾನಾಗಿ ಕೂತಿತು. ಯಾವ ಬದಿಯ ನೀರಿನ ಸೇನೆ ದೊಡ್ಡದು ಎಂಬುದು ಈಗ ಹೊಸ ಸಿನಿಮಾ ಬಿಡುಗಡೆಯಾದಾಗಲೆಲ್ಲ ನಡೆಯುವ ಚರ್ಚೆ.